ಅಪ್ಪ ರೆಗ್ಯುಲರ್

ತಾನು ಸತ್ತಿದ್ದೇನೆ ಎಂದು ತನ್ನ ಕೈಯಾರೆ ಬರೆದವರನ್ನು ನೀವು ಎಲ್ಲಾದರೂ ನೋಡಿದ್ದೀರಾ?

ನಾನು ನೋಡಿದೆ. ಹೋದ ಸೋಮವಾರ, ವಿಜಯಪುರದ ನಮ್ಮ ಮನೆಯಲ್ಲಿ, ದೇವರ ಜಗಲಿಯ ಮುಂದೆ ನಿಂತುಕೊಂಡು. ಬರೆದವರು ನಮ್ಮಪ್ಪ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು.

ಗಾಬರಿಯಾಗಬೇಡಿ. (ನಾನು ಆದೆ, ಆ ಮಾತು ಬೇರೆ.) ಮೊದಲಿನಿಂದ ಹೇಳುತ್ತೇನೆ.

ನನ್ನ ತಮ್ಮ ಸುರೇಶ ತಿಕೋಟಾದಲ್ಲಿ ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ. ಹುಟ್ಟುಹಬ್ಬದ ಬ್ಯಾನರು, ಒಣದ್ರಾಕ್ಷಿ ಬಾಕ್ಸಿನ ಲೇಬಲ್ಲು, ಲಗ್ನಪತ್ರಿಕೆ ಎಲ್ಲ ಅವನಲ್ಲಿ ಆಗುತ್ತವೆ. ಈಗ ಅವನ ಮಗಳು ಸಹನಾಳದೇ ಮದುವೆ. ಗಂಡು ಕನಮಡಿಯವನು. ಊರವರಿಗೆಲ್ಲ ಪತ್ರಿಕೆ ಮಾಡಿಕೊಟ್ಟವನು ಸ್ವಂತ ಮಗಳ ಪತ್ರಿಕೆ ಅಂದಮೇಲೆ ಸುಮ್ಮನಿರುತ್ತಾನೆಯೇ? "ಅಕ್ಕಾ, ಪತ್ರಿಕಿ ನೋಡಿ ನೀ ದಂಗ ಆಗ್ತಿ ನೋಡ" ಎಂದು ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದ. ಏನು ವಿಶೇಷ ಎಂದು ಕೇಳಿದರೆ ಬಾಯಿ ಬಿಡಲಿಲ್ಲ.

ದಂಗಾದೆ. ಆದರೆ ಅವನು ಅಂದುಕೊಂಡ ಹಾಗಲ್ಲ.

ಸೋಮವಾರ ಬೆಳಿಗ್ಗೆ ಬೈಕಿನ ಮೇಲೆ ಪತ್ರಿಕೆಯ ಕಟ್ಟು ಇಟ್ಟುಕೊಂಡು ಬಂದ. ನಮ್ಮಲ್ಲಿ ಮೊದಲ ಪತ್ರಿಕೆಯ ಮೂಲೆಗಳಿಗೆ ಅರಿಶಿನ ಕುಂಕುಮ ಹಚ್ಚಿ ಜಗಲಿಯ ಮೇಲೆ ಇಡುತ್ತೇವೆ. ಆಮೇಲೆ ಅದನ್ನು ಮನೆಯ ಹಿರಿಯರ ಕೈಗೆ ಕೊಡಬೇಕು. ಅಲ್ಲಿಯವರೆಗೆ ಒಂದನ್ನೂ ಹಂಚುವಂತಿಲ್ಲ. ನಮ್ಮ ಮನೆಯ ಹಿರಿಯಳು ಅವ್ವ. ಅಪ್ಪ ಹೋದಮೇಲೆ ಬಬಲೇಶ್ವರದಿಂದ ನನ್ನ ಜೊತೆ ಬಂದವಳು, ಈಗ ಇಲ್ಲಿನ ಓಣಿಗೆಲ್ಲ ಅವಳೇ ದೊಡ್ಡವಳು.

ಅವ್ವ ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಪತ್ರಿಕೆ ತೆರೆದಳು. ಚಹಾದ ಕಪ್ಪು ಹಿಡಿದುಕೊಂಡು ಹಿಂದೆ ನಿಂತಿದ್ದ ನಾನು ಅವಳ ಹೆಗಲ ಮೇಲಿಂದ ಬಗ್ಗಿದೆ.

ಅಪ್ಪನ ಅಕ್ಷರ!

ಹೋಲುತ್ತದೆ ಎಂದು ಹೇಳುತ್ತಿಲ್ಲ. ಅಪ್ಪನದೇ. ತಲೆಕಟ್ಟನ್ನು ಬಲಕ್ಕೆ ತುಸು ಎತ್ತಿ ಬಿಡುವ ರೀತಿ, 'ಶ್ರೀ' ಬರೆಯುವಾಗ ಒತ್ತನ್ನು ಕೆಳಗಿಳಿಸಿ ಸುರುಳಿ ಸುತ್ತುವ ರೀತಿ, ಎಲ್ಲ ಹಾಗೇ ಇದೆ. ಅಪ್ಪ ಜೀವಮಾನವಿಡೀ ಬಬಲೇಶ್ವರದ ಕನ್ನಡ ಶಾಲೆಯಲ್ಲಿ ಮಾಸ್ತರಾಗಿದ್ದವರು. ಊರಲ್ಲಿ ಯಾರ ಮನೆಯ ಮದುವೆಯಾದರೂ ಲಕೋಟೆಯ ಮೇಲೆ ಹೆಸರು ಬರೆಸಲು ಪತ್ರಿಕೆಯ ಗಂಟು ನಮ್ಮ ಪಡಸಾಲೆಗೇ ಬರುತ್ತಿತ್ತು. "ಶಂಕರೆಪ್ಪ ಮಾಸ್ತರ ಅಕ್ಷರದಾಗ ಹೆಸರು ಬಂತಂದ್ರ ಬೀಗರು ತಪ್ಪಸಂಗಿಲ್ಲ" ಎಂದು ಜನ ಹೇಳುತ್ತಿದ್ದರು. ಆ ಅಕ್ಷರವನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಬಬಲೇಶ್ವರದ ಅರ್ಧ ಊರು ಗುರುತಿಸುತ್ತದೆ.

ಪತ್ರಿಕೆಯ ಕೆಳಗಿನ ಅರ್ಧದಲ್ಲಿ ಗಂಡಿನ ಹೆಸರು, ದಿನಾಂಕ, ಸ್ಥಳ ಮಾಮೂಲಿ ದಪ್ಪ ಅಚ್ಚಿನಲ್ಲಿದ್ದವು. ಮೇಲಿನ ಅರ್ಧ ಪೂರ್ತಿ ಅಪ್ಪನ ಕೈ. ನಮಸ್ಕಾರದಿಂದ ಶುರುವಾಗಿ, "ದಿ. ಶಂಕರೆಪ್ಪ ಮಾಸ್ತರ ಇವರ ಮೊಮ್ಮಗಳು" ಎಂಬಲ್ಲಿಗೆ ಬಂದು...

ದಿ. ಅಂದರೆ ದಿವಂಗತ.

ಅಪ್ಪ ತಮ್ಮ ಹೆಸರಿನ ಹಿಂದೆ ತಾವೇ ದಿವಂಗತ ಎಂದು ಬರೆದುಕೊಂಡಿದ್ದರು. ದುಂಡಗೆ, ಚಂದಗೆ, ಚುಕ್ಕೆ ಸಮೇತ. ಕಪ್ಪಿನ ಚಹಾ ಅರ್ಧ ನೆಲಕ್ಕೆ ಚೆಲ್ಲಿತು.

ಅವ್ವ ಆ ಸಾಲಿನ ಮೇಲೆ ಬೆರಳಾಡಿಸಿದಳು. ಪತ್ರಿಕೆ ಮಡಚಿ ಮತ್ತೆ ಜಗಲಿಯ ಮೇಲಿಟ್ಟು "ಛಲೋ ಆಗೈತಿ" ಎಂದು ಒಳಗೆ ಹೋದಳು. ಸುರೇಶನ ಮುಖ ಊರಗಲವಾಯಿತು. ನಾನು ಅವನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಏನಲೇ ಇದು?"

"ಫಾಂಟ್ ಅಕ್ಕಾ. ಅಪ್ಪನ ಅಕ್ಷರದ ಫಾಂಟ್ ಮಾಡಿಸೇನಿ. ಸಾಲಿ ಹುಡುಗರಿಗಂತ ಡ್ರಾಯಿಂಗ್ ಶೀಟಿನ ಮ್ಯಾಲ ಕಾಗುಣಿತ ಬರದಿದ್ರಲ್ಲ, ಅವನ್ನೆಲ್ಲ ಸ್ಕ್ಯಾನ್ ಮಾಡಿ ಫಾಂಟ್ ಮಾಡೋ ದೋಸ್ತಗ ಕಳಿಸಿದೆ. ಒತ್ತಕ್ಷರ ಸೈತ ಅದಾವ. ಈಗ ಕೀಬೋರ್ಡ್‌ನ್ಯಾಗ ನಾ ಏನ ಹೊಡದ್ರೂ ಅಪ್ಪ ಬರದಂಗ ಬರ್ತೈತಿ."

"ಹೆಸರೇನ ಇಟ್ಟಿ ಅದಕ್ಕ?"

"ಅಪ್ಪ ರೆಗ್ಯುಲರ್."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಆ 'ದಿ.' ನೋಡಿಯೇನ?" ಎಂದು ಕೇಳಿದೆ.

"ಯಾವ 'ದಿ.'?"

ತೋರಿಸಿದೆ. ಅವನ ಮುಖದ ಬಣ್ಣ ಇಳಿಯಿತು. "ಕಂಟ್ರೋಲ್ ಎ ಹೊಡದು ಫಾಂಟ್ ಚೇಂಜ್ ಮಾಡಿದೆ ಅಕ್ಕಾ. ಅದೂ ಅದರಾಗ ಬಂದ್ಬಿಟ್ಟೈತಿ" ಅಂದ.

ಡಿಟಿಪಿ ಮಾಡುವವರ ಕೈಗೆ ಕೂತ ರೂಢಿ ಅದು. ಯಾವುದೋ ಹಳೇ ಪತ್ರಿಕೆಯ ಫೈಲ್ ತೆರೆ, ಹೆಸರು ಬದಲಿಸು, ಬಾಕ್ಸಿನೊಳಗಿನದೆಲ್ಲ ಒಟ್ಟಿಗೆ ಸೆಲೆಕ್ಟ್ ಮಾಡು, ಫಾಂಟ್ ಹಾಕು, ಪ್ರಿಂಟ್ ಕೊಡು. ದಿನವೂ ಬೇರೆಯವರ ಅಪ್ಪಂದಿರ ಹೆಸರಿನ ಹಿಂದೆ 'ದಿ.' ಹೊಡೆಯುವ ಕೈ. ತನ್ನ ಅಪ್ಪನ ಹೆಸರು ಬಂದಾಗ ಅದು ಯಾಕೆ ತಡೆದೀತು?

"ಅವ್ವ ಛಲೋ ಆಗೈತಿ ಅಂದಳಲ್ಲ ಬಿಡ" ಎಂದು ತಾನೇ ಸಮಾಧಾನ ಮಾಡಿಕೊಂಡು ತಿಕೋಟಾಕ್ಕೆ ಹೊರಟ. ಯಾವುದಕ್ಕೂ ಎರಡು ದಿನ ಹಂಚಬೇಡ ಎಂದು ನಾನು ಹೇಳಿ ಕಳಿಸಿದೆ.

ಅವ್ವ ಅವತ್ತು ರೊಟ್ಟಿ ಮುರಿದು ಹಾಗೇ ಬಿಟ್ಟಳು. ಮರುದಿನವೂ ಅಷ್ಟೇ. ಸಂಜೆ ಕಟ್ಟೆಯ ಮೇಲೆ ಕೂತು ಓಣಿಯವರನ್ನೆಲ್ಲ ಮಾತಾಡಿಸುವವಳು ಹೊರಗೇ ಬರಲಿಲ್ಲ. ಸುರೇಶ ಫೋನ್ ಮಾಡಿದರೆ "ಕೆಲಸ ಐತಿ ಅಂತ ಹೇಳ" ಅಂದಳು. ಮಗನ ಫೋನು ಬಂದರೆ ಒಲೆಯ ಮೇಲಿನ ಹಾಲು ಬಿಟ್ಟು ಓಡಿಬರುವ ಹೆಂಗಸು!

ಬುಧವಾರ ಮಧ್ಯಾಹ್ನ ಪಕ್ಕದ ಮನೆಯ ಶಮೀಮಾ ಬಾನು ಬಂದರು. ಅಪ್ಪನ ಮಾತು ಬಂತು. ಅಪ್ಪ ಹೋದದ್ದು ಒಂದು ಬೆಳಿಗ್ಗೆ. ಚಹಾ ಕುಡಿದು ಹೊರಸಿನ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದರು, ಅಷ್ಟೇ. ಯಾರು ಕೇಳಿದರೂ ಅವ್ವ ಹೇಳುವುದು ಒಂದೇ ಮಾತು: "ಅವರಿಗೆ ಗೊತ್ತ ಆಗಲಿಲ್ಲರಿ. ಪುಣ್ಯವಂತರು." ಆ ಮಾತನ್ನು ಹಿಡಿದುಕೊಂಡೇ ಅವಳು ಇಷ್ಟು ದಿನ ತೆಗೆದಿದ್ದಾಳೆ. ಅವತ್ತು ಅವ್ವ ಆ ಮಾತು ಹೇಳಲಿಲ್ಲ. ಶಮೀಮಾ ಬಾನುವೇ ಹೇಳಿದರು, "ಮಾಸ್ತರಿಗೆ ಗೊತ್ತ ಆಗದಂಗ ಹೋದ್ರಲ್ಲರಿ ಅಮ್ಮಾ, ಅದೊಂದ ಸಮಾಧಾನ." ಅವ್ವ ಎದ್ದು ಒಳಗೆ ಹೋದಳು.

ನಾನು ಹಿಂದೆಯೇ ಹೋದೆ. ಅವ್ವ ತಿರುಗಿ ನೇರವಾಗಿ ಕೇಳಿದಳು:

"ಖರೇ ಹೇಳ. ಅವರಿಗೆ ಗೊತ್ತಿತ್ತಲ್ಲ?"

"ಏನು ಬೇ?"

"ತಾವು ಹೋಗೂದು. ಮೊಮ್ಮಗಳ ಲಗ್ನಕ್ಕ ತಾವು ಇರಂಗಿಲ್ಲ ಅನ್ನೂದು ಗೊತ್ತಾಗೇ ಪತ್ರಿಕಿ ಬರದು ಸುರೇಶನ ಕೈಯಾಗ ಕೊಟ್ಟು ಹೋಗ್ಯಾರ. ಡಾಕ್ಟರ್ ಏನರೆ ಹೇಳಿದ್ದನೇನ? ನಿಮಗೆಲ್ಲ ಗೊತ್ತಿತ್ತು. ನನಗೊಬ್ಬಾಕಿಗೆ ಹೇಳಲಿಲ್ಲ."

ಎರಡು ದಿನದಿಂದ ಈ ಮುದುಕಿ ಒಳಗೇ ಇದನ್ನು ಅರೆಯುತ್ತಿದ್ದಾಳೆ!

"ಅವ್ವಾ, ಗಂಡು ಗೊತ್ತಾಗಿದ್ದೇ ಈ ವರ್ಷ. ಅಪ್ಪ ಹೆಂಗ ಬರೀತಾರ?"

"ಗಂಡಿನ ಹೆಸರು ಎಲ್ಲಿ ಬರದಾರ? ಅದನ್ನ ಪ್ರೆಸ್‌ನ್ಯಾಗ ಹಾಕ್ಯಾರ ನೋಡ. ಅವರಿಗೆ ಗೊತ್ತಿದ್ದಷ್ಟು ಅವರು ಬರದಾರ."

ಹೇಳಿ, ಇದಕ್ಕೆ ಏನು ಉತ್ತರ ಕೊಡುತ್ತೀರಿ? ಒಂದು ಕಡೆಯೂ ಬಿರುಕಿಲ್ಲ. ಅಪ್ಪನಿಗೆ ಮೊಮ್ಮಗಳ ಹೆಸರು ಗೊತ್ತಿತ್ತು, ಬರೆದರು. ಗಂಡಿನ ಹೆಸರು ಗೊತ್ತಿರಲಿಲ್ಲ, ಬಿಟ್ಟರು. ತಾನಿರುವುದಿಲ್ಲ ಎಂದು ಗೊತ್ತಿತ್ತು, 'ದಿ.' ಹಾಕಿದರು.

"ಅದನ್ನ ಕಂಪ್ಯೂಟರ್ ಬರದೈತಿ ಬೇ" ಅಂದೆ.

"ಕಂಪ್ಯೂಟರಿಗೆ ಅವರ ಕೈ ಎಲ್ಲಿಂದ ಬರತೈತಿ?"

ಸರಿ, ಮಾಡಿಯೇ ತೋರಿಸೋಣ ಎಂದುಕೊಂಡೆ. ನನ್ನ ಹಳೆಯ ಓದುಗರಿಗೆ ಗೊತ್ತಿರುವ ಹಾಗೆ ನನಗೆ ಹೊಸ ಫಾಂಟಿನ ಚಟವಿದೆ. ಬರೆಯಲು ಏನೂ ಹೊಳೆಯದ ದಿನ ಫಾಂಟ್ ಬದಲಿಸಿ ಕೂರುತ್ತೇನೆ. ದುಂಡನೆಯದು, ತೆಳ್ಳನೆಯದು, ಕಾಲು ಚಾಚಿದ್ದು, ಹೊಟ್ಟೆ ಬಿಟ್ಟದ್ದು. (ನನ್ನ ಅಂಕಣ ಹಾಕುವ ಪತ್ರಿಕೆಯವರು ಕೊನೆಗೆ ತಮ್ಮದೇ ಫಾಂಟಿಗೆ ಬದಲಿಸಿಕೊಳ್ಳುತ್ತಾರೆ. ಆದರೂ ನನ್ನ ತೃಪ್ತಿ ನನಗೆ.) ಫಾಂಟ್ ಇನ್‌ಸ್ಟಾಲ್ ಮಾಡುವುದು ನನಗೆ ಬೆಳ್ಳುಳ್ಳಿ ಸುಲಿದಷ್ಟು ಸಲೀಸು.

ಸುರೇಶನಿಂದ ವಾಟ್ಸಾಪಿನಲ್ಲಿ ಫೈಲ್ ತರಿಸಿದೆ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಫೈಲಿನ ಮೇಲೆ ಎರಡು ಸಲ ಕ್ಲಿಕ್. ಇನ್‌ಸ್ಟಾಲ್ ಬಟನ್. ಆಯಿತು. "ಈಗ ನೋಡ ಬೇ" ಎಂದು ತೆರೆದೇ ಇದ್ದ ವರ್ಡ್‌ಗೆ ಹೋಗಿ ಅಪ್ಪನ ಹೆಸರು ಟೈಪ್ ಮಾಡಿದೆ.

ಬಂದದ್ದು ಕಂಪ್ಯೂಟರಿನ ಮಾಮೂಲಿ ಅಕ್ಷರ. ಫಾಂಟುಗಳ ಪಟ್ಟಿ ಇಳಿಸಿ ನೋಡಿದೆ. ಅಪ್ಪ ಇಲ್ಲ. ಮೇಲೆ ಹತ್ತಿಸಿ ನೋಡಿದೆ. ಇಲ್ಲ. ಮತ್ತೆ ಇನ್‌ಸ್ಟಾಲ್ ಒತ್ತಿದರೆ, ಈ ಫಾಂಟ್ ಈಗಾಗಲೇ ಇದೆ ಎಂದಿತು. ಇದ್ದರೆ ತೋರಿಸು ಮಾರಾಯ!

ಅವ್ವ ಸ್ಕ್ರೀನಿಗೆ ಮುಖ ಹಚ್ಚಿ ನೋಡಿದಳು. "ಇವು ಅವರ ಅಕ್ಷರ ಅಲ್ಲ."

"ತಡಿ ಬೇ, ಒಂದ ನಿಮಿಷ..."

"ಸಾಕ ಬಿಡ. ನನ್ನ ಸಮಾಧಾನಕ್ಕ ನೀವು ಸುಳ್ಳು ಹೇಳಬ್ಯಾಡ್ರಿ" ಎಂದು ಮೊಣಕಾಲಿಗೆ ಕೈ ಊರಿ ಎದ್ದಳು.

ಇಷ್ಟು ಹೊತ್ತು ಅವಳಿಗಿದ್ದದ್ದು ಅನುಮಾನ. ನನ್ನ ಕಂಪ್ಯೂಟರ್ ಪಾಂಡಿತ್ಯ ಅದನ್ನು ಖಾತ್ರಿ ಮಾಡಿಬಿಟ್ಟಿತ್ತು. ಸುರೇಶನಿಗೆ ಫೋನ್ ಮಾಡಿ, "ಅಂಗಡಿ ಬಂದ್ ಮಾಡಿ ಬಾ, ಅವ್ವ ಹಿಂಗ ತಿಳಕೊಂಡಾಳ" ಅಂದೆ. ಆ ಕಡೆಯಿಂದ "ಯಪ್ಪಾ" ಎಂದಷ್ಟೇ ಕೇಳಿಸಿತು.

ಅವನು ಬರುವವರೆಗೆ ಲ್ಯಾಪ್‌ಟಾಪಿನ ಮುಂದೆ ತಲೆಗೆ ಕೈ ಹಚ್ಚಿ ಕೂತಾಗ ಹೊಳೆಯಿತು. ವರ್ಡ್ ತೆರೆದಿರುವಾಗಲೇ ಇನ್‌ಸ್ಟಾಲ್ ಮಾಡಿದರೆ ಹೊಸ ಫಾಂಟ್ ಅದರ ಕಣ್ಣಿಗೆ ಬೀಳುವುದಿಲ್ಲ. ಮುಚ್ಚಿ ತೆರೆಯಬೇಕು. ಎಷ್ಟು ಸಲ ಮಾಡಿದ ಕೆಲಸ! ಗಾಬರಿಯಲ್ಲಿ ತಲೆಗೇ ಬಂದಿರಲಿಲ್ಲ.

ಮುಚ್ಚಿದೆ. ತೆರೆದೆ. ಪಟ್ಟಿ ಇಳಿಸಿದೆ. ಏರಿಯಲ್ ಫಾಂಟಿಗಿಂತ ಒಂದು ಮೆಟ್ಟಿಲು ಮೇಲೆ ಅಪ್ಪ ಕೂತಿದ್ದರು.

ಆಯ್ಕೆ ಮಾಡಿ ನಾನು ಏನು ಟೈಪ್ ಮಾಡಿದೆ ಗೊತ್ತೇ? "ಮಗಳ, ಈ ವಾರದ ಅಂಕಣ ಭಾಳ ಛಲೋ ಬರದಿ." ಯಾಕೆ ಅದನ್ನೇ ಟೈಪ್ ಮಾಡಿದೆನೋ ದೇವರಿಗೇ ಗೊತ್ತು. ನನ್ನ ಬರಹ ಓದಿದರೆ ಅಪ್ಪ ಹೇಳುತ್ತಿದ್ದದ್ದು "ಹ್ಞೂಂ, ಓದಿದೆ" ಎಂಬ ಒಂದೇ ಮಾತು. ಈಗ ಅವರದೇ ಕೈಬರಹದಲ್ಲಿ, ಅವರದೇ ತಲೆಕಟ್ಟಿನಲ್ಲಿ ಶಭಾಷ್‌ಗಿರಿ ಸ್ಕ್ರೀನಿನ ಮೇಲೆ ಕೂತಿತ್ತು. ಒಂದು ಕ್ಷಣ ಎಷ್ಟು ಖುಷಿಯಾಯಿತು! ಮರುಕ್ಷಣವೇ ಹೌಹಾರಿದೆ. ಬ್ಯಾಕ್‌ಸ್ಪೇಸ್ ಒತ್ತಿ ಹಿಡಿದು ಅದು ಪೂರ್ತಿ ಹೋಗುವವರೆಗೆ ಬಿಡಲಿಲ್ಲ. ಅಪ್ಪ ಕೊಡದೇ ಹೋದದ್ದನ್ನು ನಾನು ಅವರ ಕೈ ತಿರುಚಿ ಬರೆಸಿಕೊಂಡಿದ್ದೆ. ನಾನಾದರೆ ಮಗಳು. ನಾಳೆ ಈ ಫೈಲು ವಾಟ್ಸಾಪಿನಲ್ಲಿ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಹೋದರೆ? ಅಪ್ಪನ ಅಕ್ಷರದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಬಯ್ಯಬಹುದು. ಹೊಲ ಮಾರಿದೆ ಎನ್ನಬಹುದು. ಬಬಲೇಶ್ವರದ ಜನ ಆ ಅಕ್ಷರ ನೋಡಿ ನಂಬುತ್ತಾರೆ. ಅವ್ವನೇ ನಂಬಿದಳಲ್ಲ!

ಅಷ್ಟರಲ್ಲಿ ಸುರೇಶ ಬಂದ. ಹೆಲ್ಮೆಟ್ಟನ್ನೂ ತೆಗೆಯದೆ ಅವ್ವನ ಮುಂದೆ ಕೂತು, "ನನ್ನ ಮಗಳಾಣಿ ಬೇ, ಅಪ್ಪ ಏನೂ ಬರದುಕೊಟ್ಟಿಲ್ಲ" ಅಂದ. ಅವ್ವ ಅವನ ಮುಖ ನೋಡಲಿಲ್ಲ. ಇಬ್ಬರೂ ಸೇರಿ ಅವಳನ್ನು ಎಬ್ಬಿಸಿಕೊಂಡು ಬಂದು ಸ್ಕ್ರೀನಿನ ಮುಂದೆ ಕೂರಿಸಿದೆವು. ಸುರೇಶ ಅಪ್ಪನ ಹೆಸರು ಹೊಡೆದ. ಒಂದೊಂದೇ ಅಕ್ಷರ ಅಪ್ಪನ ಕೈಯಿಂದ ಮೂಡಿ ಬಂತು.

ಅವ್ವ ಬಗ್ಗಿ ನೋಡಿದಳು. ಆದರೂ ಅವಳು ಮಾಸ್ತರ ಹೆಂಡತಿ, ಅಷ್ಟಕ್ಕೇ ಒಪ್ಪುವವಳಲ್ಲ.

"ಅವರು ಬರದದ್ದನ್ನ ಫೋಟೋ ತಗದು ಇದರಾಗ ಇಟ್ಟಿರಬೇಕು" ಅಂದಳು. "ಅವರು ಬರೀದೇ ಇದ್ದದ್ದು ಬರೀತೈತೇನ ಇದು?"

"ಏನ ಬೇಕಾದ್ರೂ ಬರೀತೈತಿ ಬೇ."

"ಹಂಗಾದ್ರ ನನ್ನ ಹೆಸರ ಬರೀ."

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡೆವು.

ನಮ್ಮಪ್ಪ ಒಂದು ದಿನವೂ ಅವ್ವನನ್ನು ಹೆಸರು ಹಿಡಿದು ಕರೆದವರಲ್ಲ. "ಕೇಳಿದೇನ" ಎನ್ನುತ್ತಿದ್ದರು, ಅಷ್ಟೇ. ಅವರ ಕಾಲದವರೆಲ್ಲ ಹಾಗೇ, ಅದರಲ್ಲಿ ಹೆಚ್ಚೇನಿಲ್ಲ. ಆದರೆ ಅಪ್ಪ ಬರೆಯುತ್ತಲೂ ಇರಲಿಲ್ಲ. ಅರ್ಜಿಗಳಲ್ಲಿ ಹೆಂಡತಿಯ ಹೆಸರಿನ ಜಾಗ ಬಂದರೆ ನನ್ನ ಕೈಗೋ ಸುರೇಶನ ಕೈಗೋ ಪೆನ್ನು ಕೊಟ್ಟು "ನಿಮ್ಮವ್ವನ ಹೆಸರ ಬರೀರಿ" ಎಂದು ಆಕಡೆ ನೋಡುತ್ತಿದ್ದರು. ಇಡೀ ಊರಿನ ಹೆಂಗಸರ ಹೆಸರನ್ನು ಲಕೋಟೆಗಳ ಮೇಲೆ ಮುತ್ತು ಪೋಣಿಸಿದ ಹಾಗೆ ಬರೆದ ಮನುಷ್ಯ! ನಾಚಿಕೆಯೋ, ಮರ್ಯಾದೆಯೋ, ಕೇಳುವ ಧೈರ್ಯ ನಮಗಂತೂ ಇರಲಿಲ್ಲ.

ಸುರೇಶ ಟೈಪ್ ಮಾಡಿದ. ಗಂಗವ್ವ.

ಅಪ್ಪನ ಅಕ್ಷರದಲ್ಲಿ ಅವ್ವನ ಹೆಸರು. ಜಗತ್ತಿನಲ್ಲಿ ಮೊದಲ ಸಲ. 'ವ'ದ ಕೆಳಗೆ ಒತ್ತು ಎಷ್ಟು ಚಂದ ಕೂತಿತ್ತೆಂದರೆ, ದಿನವೂ ಬರೆದು ರೂಢಿಯಾದ ಹೆಸರಿನ ಹಾಗೆ.

ಅವ್ವ ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿ ಬಂದವು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. ಆಮೇಲೆ ಹೇಳಿದಳು:

"ಖರೇ. ಇದು ಅವರು ಬರದದ್ದಲ್ಲ."

ನನ್ನ ಮುಖ ನೋಡಿ, "ಅವರಿಗೆ ಗೊತ್ತಿರಲಿಲ್ಲ ಹಂಗಾದ್ರ" ಅಂದಳು.

"ಗೊತ್ತಿರಲಿಲ್ಲ ಬೇ" ಎಂದೆವು ಇಬ್ಬರೂ.

ಅವಳ ಹೆಗಲು ಇಳಿದದ್ದು ನನಗೆ ಕಾಣಿಸಿತು. "ಈಗ ಅದನ್ನ ಅಳಸು" ಅಂದಳು. ಸುರೇಶ ಅಳಿಸಿದ. ಗಂಗವ್ವ ಒಂದೊಂದೇ ಅಕ್ಷರವಾಗಿ ಹೋದಳು.

ಸಮಾಧಾನವಾದ ಮೇಲೆ ಸಿಟ್ಟು ಬಂತು. ಅವ್ವ ಸುರೇಶನ ಕಡೆ ತಿರುಗಿದಳು. "ಅಲ್ಲೋ, ತಾ ಸತ್ತೇನಿ ಅಂತ ಅವರ ಕೈಲೇ ಬರಸೀದಿಯಲ್ಲ. ಹೆಂಗರೆ ಮನಸ ಬಂತು ನಿನಗ?"

"ತಪ್ಪಾತು ಬೇ. ಎಲ್ಲಾ ಮತ್ತ ಪ್ರಿಂಟ್ ಹಾಕತೇನಿ. ಆ 'ದಿ.' ಒಂದನ್ನ ಬ್ಯಾರೆ ಫಾಂಟ್‌ನ್ಯಾಗ ಹಾಕತೇನಿ. ಕಂಪ್ಯೂಟರಿನ ಅಕ್ಷರದಾಗ."

"ಕಂಪ್ಯೂಟರಿಗೆ ಅವರು ಏನಾಗಬೇಕು?"

ಸುರೇಶ ಹೆಲ್ಮೆಟ್ ತೆಗೆದು ಕೆಳಗಿಟ್ಟ.

"ಅಷ್ಟ ಜಾಗಾ ಖಾಲಿ ಬಿಡು" ಅಂದಳು ಅವ್ವ. "ಅದನ್ನ ನಾ ಬರೀತೇನಿ. ಅವರು ಹೋಗಿದ್ದು ನನಗ ಗೊತ್ತೈತಿ."

ಹಾಗೇ ಆಯಿತು. ಶುಕ್ರವಾರ ಸುರೇಶ ಹೊಸ ಪತ್ರಿಕೆ ತಂದ. ಮೇಲಿನ ಅರ್ಧ ಅಪ್ಪನದೇ ಅಕ್ಷರ, ಆದರೆ ಅವರ ಹೆಸರಿನ ಹಿಂದೆ ಬೆರಳಗಲ ಖಾಲಿ. ಫಾಂಟಿನ ಫೈಲನ್ನು ಇನ್ನು ಯಾರಿಗೂ ಕಳಿಸಬಾರದೆಂದು ನಾನು ಅವನಿಂದ ಮಾತು ತೆಗೆದುಕೊಂಡೆ. ಅವ್ವ ಬಾಲ್‌ಪೆನ್ನು ಹಿಡಿದು, ತೊಡೆಯ ಮೇಲೆ ಮಣೆ ಇಟ್ಟುಕೊಂಡು ಜಗಲಿಯ ಮುಂದೆ ಕೂತಳು. ಒಂದು ಪತ್ರಿಕೆ ತೆಗೆದುಕೊಳ್ಳುವುದು, 'ದಿ.' ಬರೆಯುವುದು, ಆರಲಿ ಎಂದು ಊದಿ ಪಕ್ಕಕ್ಕೆ ಇಡುವುದು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸು ಅವನ ಹೆಸರಿನ ಹಿಂದೆ ತಾನೇ ದಿವಂಗತ ಎಂದು ಬರೆಯುತ್ತಿದ್ದಳು. ಸಹಾಯ ಮಾಡುತ್ತೇನೆ ಎಂದು ಹೋದ ನನಗೆ "ನಿನ್ನ ಕೆಲಸ ನೋಡ ಹೋಗ" ಅಂದಳು.

ನಾನು ಹೋಗಲಿಲ್ಲ. ಅಲ್ಲೇ ನಿಂತು ನೋಡಿದೆ. ನಿಜ ಹೇಳುತ್ತೇನೆ, ಸೋಮವಾರ ಬಿದ್ದ ಪೆಟ್ಟಿಗಿಂತ ದೊಡ್ಡ ಪೆಟ್ಟು ನನಗೆ ಬಿದ್ದದ್ದು ಆಗ.

ಎಡಕ್ಕೆ ವಾಲಿದ 'ದ'. ತಲೆಯ ಮೇಲೆ ಸಣ್ಣ ಗುಡಿಸು. ಚುಕ್ಕೆಯನ್ನು ಎಷ್ಟು ಒತ್ತಿ ಇಡುತ್ತಿದ್ದಳೆಂದರೆ ಕಾಗದದ ಆಚೆ ಬದಿಗೂ ಅದು ಕಾಣುತ್ತಿತ್ತು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ. ಪಿಂಚಣಿ ಕಾಗದದ ಮೇಲೆ ಅವಳು ಸಹಿ ಮಾಡಿದ್ದನ್ನು ನೋಡಿದ್ದೇನೆ, ಆದರೆ ಅದು ರೂಢಿಯಿಂದ ಎಳೆದ ಗೆರೆ. ಯಾರಾದರೂ ಓದಲಿ ಎಂದು ಅವ್ವ ಬರೆದ ಅಕ್ಷರವನ್ನು ನಾನು ಈ ವಯಸ್ಸಿನವರೆಗೆ ನೋಡಿಯೇ ಇರಲಿಲ್ಲ. ಹೊಸ ಹೊಸ ಅಕ್ಷರಕ್ಕಾಗಿ ಇಂಟರ್‌ನೆಟ್ಟೆಲ್ಲ ಜಾಲಾಡುವ ನನಗೆ, ದಿನವೂ ಎದುರಿಗೆ ಕೂತು ರೊಟ್ಟಿ ಬಡಿಯುವ ಕೈಯ ಅಕ್ಷರ ಹೇಗಿದೆ ಎಂದು ಕೇಳಬೇಕು ಎಂದೂ ಅನ್ನಿಸಿರಲಿಲ್ಲ.

ಸುರೇಶ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಅಕ್ಕಾ, ಅವ್ವನ ಅಕ್ಷರಾನೂ ಸ್ಕ್ಯಾನ್ ಮಾಡಿಡೂಣೇನ?"

ಏನನ್ನು ಸ್ಕ್ಯಾನ್ ಮಾಡುವುದು? ನಮ್ಮ ಬಳಿ ಇರುವ ಅವ್ವನ ಅಕ್ಷರ ಅದೊಂದೇ, ಅದೂ ಅಪ್ಪ ಇಲ್ಲ ಎಂದು ಹೇಳುವುದು.

ನಿಮ್ಮವ್ವನ ಅಕ್ಷರ ಹೇಗಿದೆ, ನೀವು ನೋಡಿದ್ದೀರಾ?